ಗೆದ್ದಲು ತಿಂದಿದೆ ಅಂದಿದ್ದ ಡಿಕ್ರಿ ಸಿಕ್ಕಿದ್ದು ಹೀಗೆ: ನನ್ನ ಅನುಭವ

1974ರಲ್ಲಿ ತೀರ್ಪಾದ ಒಂದು ಪಾಲು ದಾವಾದ (ಆಸ್ತಿ ಭಾಗ ಮಾಡಿಕೊಡಿ ಅಂತ ಹಾಕಿದ ಕೇಸು) ಜಡ್ಜ್‌ಮೆಂಟು, ಡಿಕ್ರಿ (ತೀರ್ಪಿನ ಮೇಲೆ ಕೋರ್ಟು ಹೊರಡಿಸೋ ಆದೇಶ) ಎರಡರದ್ದೂ ದೃಢೀಕೃತ ನಕಲು ಕೈಗೆ ಬಂತು. ಹಿಂಗೆ ಹಳೇ ಕೇಸಿನ ದಾಖಲೆ ಹುಡುಕಿಕೊಡೋದು ನನ್ನ ಕಸುಬು. ಶುರು ಮಾಡಿದಾಗ ಕೇಸ್ ನಂಬರ್ ಇಲ್ಲ, ವರ್ಷ ಇಲ್ಲ, ಯಾವ ಕೋರ್ಟು ಅನ್ನೋದೂ ಖಚಿತ ಇಲ್ಲ. ನಮ್ಮ ಕೋರ್ಟಿನ ಹಿರಿಯ ವಕೀಲರೊಬ್ಬರು "ಆ ಕಾಲದ ಫೈಲೆಲ್ಲ ಗೆದ್ದಲು ತಿಂದು ಹೋಗಿದೆ ಕಣಯ್ಯ, ಸುಮ್ನೆ ಪಾರ್ಟಿ ಕೈಲಿ ದುಡ್ಡು ಖರ್ಚು ಮಾಡಿಸ್ಬೇಡ" ಅಂದಿದ್ರು, ಜೊತೇಲಿರೋ ಗುಮಾಸ್ತರಂತೂ ಸಿಕ್ಕಿದ್ರೆ ಊಟ ಹಾಕಿಸ್ತೀವಿ ಅಂತ ಬಾಜಿ ಕಟ್ಟಿದ್ರು. ಊಟ ಹಾಕಿಸಿದಾರೆ. ನಕಲು ಅರ್ಜಿ ಹೆಂಗೆ ಬರೀಬೇಕು, ಸ್ಟಾಂಪ್ ಎಲ್ಲಿ ಅಂಟಿಸ್ಬೇಕು ಅನ್ನೋದು ಈ ಕೆಲಸ ಮಾಡೋರಿಗೆಲ್ಲ ಗೊತ್ತಿರೋದೇ, ಅದನ್ನ ಬಿಡ್ತೀನಿ. ನಂಬರೇ ಗೊತ್ತಿಲ್ಲದ ಫೈಲನ್ನ ಹಿಡಿದಿದ್ದು ಹೆಂಗೆ ಅನ್ನೋದಷ್ಟೇ ಬರೀತೀನಿ.

ವಿಷಯ ಇಷ್ಟು. ಪಾರ್ಟಿ ಒಬ್ಬರು ರಿಟೈರ್ಡ್ ಮೇಷ್ಟ್ರು. 4 ಎಕರೆ ಚಿಲ್ಲರೆ ಅಡಿಕೆ ತೋಟ, ಅಜ್ಜನ ಕಾಲದಿಂದ ಇವರದ್ದೇ ಅನುಭವ. ಈಗ ದಾಯಾದಿಗಳ ಮೊಮ್ಮಕ್ಕಳು ಬಂದು "ಪಾಲೇ ಆಗಿಲ್ಲ, ಇನ್ನೂ ಒಟ್ಟು ಕುಟುಂಬದ ಆಸ್ತಿ, ನಮಗೂ ಭಾಗ ಬೇಕು" ಅಂತ ದಾವಾ ಹಾಕಿ, ಪರಭಾರೆ ಮಾಡಬಾರದು ಅಂತ ಸ್ಟೇನೂ ತಂದಿದ್ರು. ಮೇಷ್ಟ್ರಿಗೆ ಗೊತ್ತಿದ್ದಿದ್ದು ಒಂದೇ ಮಾತು: "ಆಗ್ಲೇ ಕೋರ್ಟಲ್ಲಿ ಪಾಲಾಗಿದೆ ಕಣಪ್ಪ, ನಮ್ಮಜ್ಜ ಕೇಸಿಗೆ ಎತ್ತಿನ ಗಾಡೀಲಿ ಹೋಗ್ತಿದ್ರು." ಎದುರು ಕಡೆಯವರು ಅಂಥ ಕೇಸೇ ಇಲ್ಲ ಅಂತ ಪಟ್ಟು ಹಿಡಿದಿದ್ರು. ದಾವಾಕ್ಕೆ ಲಿಖಿತ ಉತ್ತರ ಕೊಡೋ ರಿಟನ್ ಸ್ಟೇಟ್‌ಮೆಂಟಿಗೆ 30 ದಿನ, ಎಳೆದ್ರೆ 90 ದಿನ. ಹಳೇ ಡಿಕ್ರಿ ಸಿಕ್ಕಿದ್ರೆ ಕೇಸಿನ ಬೆನ್ನು ಮುರೀತದೆ, ಇಲ್ಲಾಂದ್ರೆ ಮೇಷ್ಟ್ರು ತೋಟದಲ್ಲಿ ಭಾಗ ಕೊಡ್ಬೇಕಾಗತ್ತೆ.

ನನ್ನ ಹತ್ರ ಬರೋ ಮುಂಚೆನೇ ಅವರು ಒಬ್ಬ ಬ್ರೋಕರ್ ಕೈಗೆ 5 ಸಾವಿರ ಕೊಟ್ಟು ಕಳ್ಕೊಂಡಿದ್ರು. ಅವನು ಕೇಳಿದ್ದು ಒಟ್ಟು 30 ಸಾವಿರ, "ರೆಕಾರ್ಡ್ ರೂಮಲ್ಲಿ ನಮ್ಮೋರಿದಾರೆ" ಅಂತ. ಆಮೇಲೆ ಫೋನೇ ಎತ್ತಲಿಲ್ಲ. ನಮ್ಮ ಕಸುಬಿಗೇ ಕೆಟ್ಟ ಹೆಸರು ತರೋದು ಇಂಥವರು, ಅದಕ್ಕೇ ನಾನು ಹಠ ಹಿಡಿದು ರಸೀದಿ ಇರೋ ಖರ್ಚಷ್ಟೇ ಮಾಡ್ತೀನಿ ಅಂತ ಮೇಷ್ಟ್ರಿಗೆ ಮಾತು ಕೊಟ್ಟೆ.

ಮೊದಲು ಎಲ್ಲರೂ ಮಾಡೋದನ್ನೇ ಮಾಡಿದೆ, ಇ-ಕೋರ್ಟ್ಸ್ ಅನ್ನೋ ಕೋರ್ಟ್ ಕೇಸುಗಳ ವೆಬ್‌ಸೈಟಲ್ಲಿ ಹುಡುಕಿದೆ. 70ರ ದಶಕದ ಕೇಸು ಅಲ್ಲಿ ಇರಲ್ಲ ಅಂತ ಗೊತ್ತು, ಆದ್ರೆ ಅದೇ ಜಮೀನಿನ ಮೇಲೆ ಆಮೇಲೆ ಯಾವುದಾದ್ರೂ ಇಂಜಂಕ್ಷನ್ (ತಡೆಯಾಜ್ಞೆ) ದಾವಾ ಬಿದ್ದಿದ್ರೆ ಅದರಲ್ಲಿ ಹಳೇ ಡಿಕ್ರೀನ ಪ್ರತಿವಾದಿ ಕಡೆಯ ನಿ.ಡಿ.1 ಅಂತಲೋ ವಾದಿ ಕಡೆಯ ನಿ.ಪಿ.2 ಅಂತಲೋ ಸಾಕ್ಷ್ಯದ ದಾಖಲೆಯಾಗಿ ಗುರುತು ಮಾಡಿಸಿರ್ತಾರೆ, ಆ ಆಸೆ. ಪಾರ್ಟಿ ಹೆಸರಲ್ಲಿ ಹುಡುಕ್ಬೇಕಾದ್ರೆ ವರ್ಷ ಹಾಕ್ಲೇಬೇಕು, ಹಂಗಾಗಿ ಒಂದೊಂದೇ ವರ್ಷ ಹಾಕಿ, ಒಂದೊಂದಕ್ಕೂ ಕ್ಯಾಪ್ಚಾ ಹೊಡೆದು ನೋಡಬೇಕು. ಹೆಸರಿನ ಸ್ಪೆಲ್ಲಿಂಗಂತೂ ದೇವರಿಗೇ ಪ್ರೀತಿ. ಹನುಮಂತಪ್ಪ ಅನ್ನೋ ಹೆಸರಲ್ಲಿ ಟಿ ಆದ್ಮೇಲೆ ಎಚ್ ಹಾಕಿದಾರೋ ಇಲ್ವೋ, ಬಸಪ್ಪನ್ನ ಬಸವಪ್ಪ ಮಾಡಿದಾರೋ, ಇನಿಷಿಯಲ್ ಮುಂದಿದ್ಯೋ ಹಿಂದಿದ್ಯೋ ಹೇಳಕ್ಕಾಗಲ್ಲ. ಪೂರ್ತಿ ಹೆಸರು ಹಾಕಲೇಬೇಡಿ, ಮೊದಲ 4 ಅಕ್ಷರ ಹಾಕಿ ಬಿಟ್ಬಿಡಿ, ಬಂದ ಪಟ್ಟೀಲಿ ಕಣ್ಣಲ್ಲೇ ಆರಿಸ್ಕೊಳ್ಳಿ. ಇಷ್ಟೆಲ್ಲ ಮಾಡಿದ್ರೂ ಈ ಕೇಸಲ್ಲಿ ಏನೂ ಸಿಗಲಿಲ್ಲ. ಬೇರೆ ಎರಡು ಪಾರ್ಟಿಗಳಿಗೆ ಇದೇ ದಾರೀಲಿ ಸಿಕ್ಕಿದೆ, ಅದಕ್ಕೇ ಹೇಳ್ತಿದೀನಿ.

ಆಮೇಲೆ ಮೇಷ್ಟ್ರ ಅಳಿಯ ಒಂದು ಆರ್‌ಟಿಐ ಹಾಕಿ ನೋಡೋಣ ಅಂತ ಕೋರ್ಟಿಗೇ ಹಾಕಿದ. ನಾನು ಬೇಡ ಅಂದಿದ್ದೆ. 2020ರ ಮಾರ್ಚಲ್ಲೇ ಗುಜರಾತ್ ಹೈಕೋರ್ಟಿನ ಕೇಸಲ್ಲಿ ಸುಪ್ರೀಂ ಕೋರ್ಟು ಹೇಳಿಬಿಟ್ಟಿದೆ, ಕೇಸಿನ ದಾಖಲೆ ಬೇಕಂದ್ರೆ ಆಯಾ ಕೋರ್ಟಿನ ರೂಲ್ಸ್ ಪ್ರಕಾರನೇ ಅರ್ಜಿ ಹಾಕ್ಬೇಕು, ಆರ್‌ಟಿಐ ನಡೆಯಲ್ಲ ಅಂತ. ಹಂಗೇ ಉತ್ತರ ಬಂತು. ಆದ್ರೆ ಈ ಆರ್‌ಟಿಐ ಅನ್ನೋದನ್ನ ಮರೀಬೇಡಿ, ಬೇರೆ ಆಫೀಸಲ್ಲಿ ಇದೇ ಕೆಲಸಕ್ಕೆ ಬಂತು.

ನಮ್ಮ ತಾಲೂಕು ಕೋರ್ಟಲ್ಲಿ "1970ರಿಂದ 1980ರ ಒಳಗಿನ ಪಾಲು ದಾವಾ, ಇಂಥ ಸರ್ವೆ ನಂಬರು" ಅಂತ ಹುಡುಕಾಟದ ಅರ್ಜಿನೂ ಹಾಕಿದ್ವಿ. "ಕೇಸ್ ನಂಬರ್ ನಮೂದಿಸಿರುವುದಿಲ್ಲ" ಅಂತ ವಾಪಸ್. ಮತ್ತೆ ಹಾಕಿದ್ರೆ ಮತ್ತೆ ವಾಪಸ್. ಅಲ್ಲಿಯ ಸಿಬ್ಬಂದೀನ ಬೈಯೋ ಹಾಗಿಲ್ಲ, ಸರ್ವೆ ನಂಬರಿಗೆ ಕೋರ್ಟಲ್ಲಿ ಇಂಡೆಕ್ಸೇ ಇರಲ್ಲ, ಅವರು ಯಾವ ಕಟ್ಟು ಬಿಚ್ಬೇಕು? ಸರ್ವೆ ನಂಬರಿಗೆ ಇಂಡೆಕ್ಸ್ ಇರೋದು ಕಂದಾಯ ಇಲಾಖೇಲಿ. ಇಲ್ಲಿಂದ ನನ್ನ ದಾರಿ ಬೇರೆ ಆಯ್ತು.

ನಾನು ನಂಬ್ಕೊಂಡಿರೋದು ಏನಂದ್ರೆ, ಜಮೀನಿನ ಡಿಕ್ರಿ ಕೋರ್ಟಿನ ಗೋಡೆ ಒಳಗೇ ಉಳಿಯಲ್ಲ. ಅದರ ನಕಲು ನಾಲ್ಕಾರು ಆಫೀಸಿಗೆ ಹೋಗಿರತ್ತೆ. ಮೂಲ ಫೈಲಿನ ಹಿಂದೆ ಬೀಳೋದು ಬಿಟ್ಟು ನಕಲು ಎಲ್ಲೆಲ್ಲಿಗೆ ಹೋಗಿರಬಹುದು ಅಂತ ಯೋಚನೆ ಮಾಡ್ಬೇಕು.

ಮೇಷ್ಟ್ರ ಪಹಣಿ ತೆಗೆದು ನೋಡಿದ್ರೆ ಸರ್ವೆ ನಂಬರಿನ ಪಕ್ಕ ಹಿಸ್ಸಾ (ಭಾಗದ) ನಂಬರ್ ಇತ್ತು. ಅಂದ್ರೆ ಒಂದು ಕಾಲದಲ್ಲಿ ಒಂದೇ ಇದ್ದ ನಂಬರನ್ನ ಯಾರೋ ಅಳೆದು ಹಿಸ್ಸೆ ಮಾಡಿದಾರೆ. ಸುಮ್ನೆ ಯಾಕೆ ಅಳೀತಾರೆ? ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಸೆಕ್ಷನ್ 54 ನೆನಪು ಮಾಡ್ಕೊಳ್ಳಿ. ಕಂದಾಯ ಕಟ್ಟೋ ಜಮೀನು ಪಾಲಾಗಬೇಕಂದ್ರೆ ಅಳೆದು ಭಾಗ ಮಾಡೋ ಕೆಲಸ ಕೋರ್ಟು ಮಾಡಲ್ಲ, ಡಿಕ್ರೀನ ಡಿಸಿಗೆ ಕಳಿಸತ್ತೆ, ಅಲ್ಲಿಂದ ತಹಸೀಲ್ದಾರ್, ಅಲ್ಲಿಂದ ಸರ್ವೆಯರ್. ಹಂಗಾದ್ರೆ ಆ ಅಳತೆ ಫೈಲಲ್ಲಿ ಡಿಕ್ರಿ ನಕಲು ಇರಲೇಬೇಕಲ್ವಾ!

ಮೊದಲು ಕೈಬರಹದ ಪಹಣಿಗಳು, ಆಮೇಲೆ ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್, ಖಾತೆ ಬದಲಾವಣೆ ಬರೆಯೋದು) ಪುಸ್ತಕ. ಭೂಮಿ ಅನ್ನೋ ಕಂಪ್ಯೂಟರ್ ವ್ಯವಸ್ಥೆ ಬಂದ ಮೇಲಿನ ಪಹಣೀಲಿ ಈ ಇತಿಹಾಸ ಸಿಗಲ್ಲ, ರೆಕಾರ್ಡ್ ರೂಮಿನ ಹಳೇ ಪುಸ್ತಕದ್ದೇ ನಕಲು ತೆಗೀಬೇಕು. ಮ್ಯುಟೇಷನ್ ಎಂಟ್ರೀಲಿ ಒಂದೇ ಸಾಲು: ಕೋರ್ಟ್ ಡಿಕ್ರಿ ಪ್ರಕಾರ ಹಿಸ್ಸೆಯಾಗಿದೆ. ಓ.ಎಸ್. (ಮೂಲ ದಾವಾ) ನಂಬರ್ ಬರೆದಿಲ್ಲ. ಆದ್ರೆ ಎಂ.ಆರ್. ನಂಬರ್ ಸಿಕ್ತು, ವರ್ಷ 1978-79 ಅಂತ ಸಿಕ್ತು. ಇಷ್ಟು ಸಾಕಿತ್ತು. "ಈ ಎಂ.ಆರ್.ಗೆ ಆಧಾರವಾದ ಕಡತ, ಈ ಸರ್ವೆ ನಂಬರಿನ ಹಿಸ್ಸಾ ಅಳತೆ ಕಡತ, ಅದರಲ್ಲಿರುವ ಎಲ್ಲಾ ಹಾಳೆಗಳ ದೃಢೀಕೃತ ನಕಲು" ಅಂತ ತಾಲೂಕು ಕಚೇರಿಗೂ ಸರ್ವೆ ಆಫೀಸಿಗೂ ಬೇರೆ ಬೇರೆ ಆರ್‌ಟಿಐ ಹಾಕಿಸಿದೆ. 10 ರೂಪಾಯಿ ಪೋಸ್ಟಲ್ ಆರ್ಡರು, ಪುಟಕ್ಕೆ 2 ರೂಪಾಯಿ. ಕೋರ್ಟಲ್ಲಿ ನಡೆಯದ ಆರ್‌ಟಿಐ ಇಲ್ಲಿ ಸಲೀಸಾಗಿ ನಡೀತು, ಯಾಕಂದ್ರೆ ಇದು ಕಂದಾಯ ಇಲಾಖೆ ಕಡತ. ಒಂದು ಆಫೀಸಿಂದ "ಕಡತ ಲಭ್ಯವಿಲ್ಲ" ಅಂತ ಬಂತು, ಇನ್ನೊಂದರಿಂದ ಬಂದು ನೋಡ್ಕೊಳ್ಳಿ ಅಂತ ಕರೆದ್ರು.

ಆ ಫೈಲು ನನ್ನ ಕಣ್ಣಿಗೆ ಕಟ್ಟಿದೆ. ಈರುಳ್ಳಿ ಸಿಪ್ಪೆ ಥರ ತೆಳ್ಳಗಿನ ಕಾಗದ, ಟೈಪ್ ಮಾಡಿದ ಕಾರ್ಬನ್ ಕಾಪಿ, ನೇರಳೆ ಅಕ್ಷರ ಮಾಸಿ ನೆರಳಿನಷ್ಟು ಉಳಿದಿದೆ. ಮೇಲೆ ಕೋರ್ಟಿನ ಹೆಸರು ಓದಕ್ಕೆ ಬರತ್ತೆ, ಓ.ಎಸ್. ನಂಬರ್ ಇರೋ ಮೂಲೇಲೇ ಗುಂಡುಸೂಜಿ ಚುಚ್ಚಿದ್ರು, ಅದು ತುಕ್ಕು ಹಿಡಿದು ಕಾಗದ ತಿಂದುಬಿಟ್ಟಿತ್ತು. ಉಳಿದಿದ್ದು ಎರಡು ಅಂಕಿ, ಓರೆಗೆರೆ, 71. ಎರಡನೇ ಅಂಕಿ 3 ಆಗಿರಬಹುದು, 8 ಆಗಿರಬಹುದು. ಮೊದಲು ಇನ್ನೊಂದು ಅಂಕಿ ಇದ್ದಿರಲೂಬಹುದು.

ಇಲ್ಲೊಂದು ಸೈಡ್ ಪ್ರಯೋಗ ಮಾಡಿದೆ. ಮಾಸಿದ ಕಾರ್ಬನ್ ಕಾಪೀನ ಮೇಲಿಂದ ನೇರವಾಗಿ ಫೋಟೋ ಹೊಡೆದ್ರೆ ಏನೂ ಕಾಣಲ್ಲ. ಅಧಿಕಾರಿಗಳ ಒಪ್ಪಿಗೆ ತಗೊಂಡು ಕಾಗದನ ಕಿಟಕಿ ಪಕ್ಕ ಇಟ್ಟು, ಬೆಳಕು ಓರೆಯಾಗಿ ಬೀಳೋ ಹಾಗೆ ಮಾಡಿ ಹೊಡೆದೆ. ಟೈಪ್‌ರೈಟರ್ ಅಚ್ಚು ಕಾಗದದಲ್ಲಿ ಸ್ವಲ್ಪ ತಗ್ಗು ಮಾಡಿರತ್ತೆ, ಆ ತಗ್ಗಿನ ನೆರಳು ಕಾಣತ್ತೆ. ಆಮೇಲೆ ಫೋನಲ್ಲೇ ಕಪ್ಪು ಬಿಳುಪು ಮಾಡಿ ಕಾಂಟ್ರಾಸ್ಟ್ ಏರಿಸಿದ್ರೆ ಅರ್ಧಕ್ಕರ್ಧ ಓದಕ್ಕೆ ಬಂತು. ಅಂಕಿ ಮಾತ್ರ ಆಗಲೂ ತೀರ್ಮಾನ ಆಗಲಿಲ್ಲ, ಆದ್ರೆ ಒಳಗಡೆ ಡಿಕ್ರಿ ತಾರೀಖು ಸಿಕ್ತು, 1974ರ ಬೇಸಿಗೆ ರಜಕ್ಕೆ ಸ್ವಲ್ಪ ಮುಂಚೆ. ಗೂಗಲ್ ಲೆನ್ಸಲ್ಲೂ ಹಾಕಿ ನೋಡಿದೆ. ಅಚ್ಚಾದ ಕನ್ನಡಕ್ಕೆ ಪರವಾಗಿಲ್ಲ, ಶಾನುಭೋಗರ ಕಾಲದ ಕೂಡಿಸಿ ಬರೆದ ಕೈಬರಹಕ್ಕೆ ಉಪಯೋಗಕ್ಕೆ ಬರಲ್ಲ.

ಈಗ ಕೋರ್ಟಿಗೆ ವಾಪಸ್. ಈ ಸಲ ಫೈಲು ಕೇಳಲಿಲ್ಲ, ರಿಜಿಸ್ಟರ್ ಕೇಳಿದೆ. ದಾವಾ ರಿಜಿಸ್ಟರ್, ಸಿಪಿಸಿ ಆರ್ಡರ್ 4 ರೂಲ್ 2ರ ಪ್ರಕಾರ ಇಡೋದು. ಫೈಲ್ ನಾಶ ಆಗಿರಬಹುದು, ರಿಜಿಸ್ಟರ್ ನಾಶ ಆಗಿರೋದನ್ನ ನಾನಂತೂ ನೋಡಿಲ್ಲ. "1971ನೇ ಸಾಲಿನ ದಾವಾ ರಿಜಿಸ್ಟರಿನಲ್ಲಿ ಇಂಥ ಗ್ರಾಮದ ವಾದಿಯ ಪಾಲು ದಾವಾ, 1974ರಲ್ಲಿ ಫೈಸಲ್ (ತೀರ್ಮಾನ) ಆಗಿರುವುದು" ಅಂತ ಅಫಿಡವಿಟ್ ಜೊತೆ ಹಾಕಿದೆ. ರೆಕಾರ್ಡ್ ಕೀಪರ್ ಅಮ್ಮ ಒಬ್ರು, ಬಹಳ ಒಳ್ಳೇರು, "ಏನಣ್ಣ, ಎಲ್ಲಾ ಫೈಲ್ ಕೇಳ್ತಾರೆ, ರಿಜಿಸ್ಟರ್ ಕೇಳಿದ್ದು ನೀವೇ ಮೊದಲು" ಅಂದ್ರು. ಆದ್ರೂ ಅವರು ಹುಡುಕಿ "ನಿಮ್ಮಜ್ಜನ ಹೆಸರು ಎಲ್ಲೂ ಇಲ್ಲ" ಅಂತ ಮೇಷ್ಟ್ರಿಗೆ ಹೇಳಿ ಕಳಿಸಿದ್ರು.

ಇಲ್ಲೇ ನಮ್ಮೋರೆಲ್ಲ ಕೈಚೆಲ್ಲೋದು. ರಿಜಿಸ್ಟರಿನ ನಮೂನೆ ಗೊತ್ತಿದ್ರೆ ಕೈಚೆಲ್ಲಲ್ಲ. ಸಿಪಿಸಿ ಅಪೆಂಡಿಕ್ಸ್ ಎಚ್, 14ನೇ ಫಾರಂ, ಅದರ ಅಡೀಲೇ ಸಣ್ಣಕ್ಷರದಲ್ಲಿ ಬರೆದಿದೆ: ವಾದಿಗಳೋ ಪ್ರತಿವಾದಿಗಳೋ ಬಹಳ ಜನ ಇದ್ರೆ ಮೊದಲನೇ ವಾದಿ, ಮೊದಲನೇ ಪ್ರತಿವಾದಿ ಹೆಸರಷ್ಟೇ ಬರೆದ್ರೆ ಸಾಕು. ಪಾಲು ದಾವಾದಲ್ಲಿ ಹತ್ತು ಹದಿನೈದು ಜನ ಪಾರ್ಟಿಗಳು. ಮೇಷ್ಟ್ರ ಅಜ್ಜ ನಾಲ್ಕನೇ ಪ್ರತಿವಾದಿಯೋ ಐದನೆಯೋ ಆಗಿದ್ರೆ ರಿಜಿಸ್ಟರಲ್ಲಿ ಅವರ ಹೆಸರು ಹೆಂಗೆ ಬರತ್ತೆ? ಅವತ್ತು ರಾತ್ರಿ ಮೇಷ್ಟ್ರ ಮನೇಲಿ ಕೂತು ವಂಶವೃಕ್ಷ ಬರೆಸಿದೆ, ನಾಡಕಚೇರೀದಲ್ಲ, ಅವರ ಸೋದರತ್ತೆ ಬಾಯಿಂದ ಕೇಳಿ ಬರೆಸಿದ್ದು. ಆ ಅಜ್ಜಿಗೆ 90 ಹತ್ರ, ನೆನಪು ಬ್ಲೇಡು. ಯಾರು ಯಾರ ಮೇಲೆ ಮುನಿಸಿಕೊಂಡಿದ್ರು ಅಂತ ಕೇಳಿದೆ ಅಷ್ಟೇ. "ಕೇಸ್ ಹಾಕಿದ್ದು ನಮ್ಮ ದೊಡ್ಡಪ್ಪನ ಹೆಂಡ್ತಿ, ಗಂಡ ಸತ್ತ ವರ್ಷನೇ ಹಾಕಿದ್ಲು" ಅಂದ್ರು. ವಿಧವೆ ಹೆಂಗಸಿನ ಹೆಸರು ಹಿಡ್ಕೊಂಡು ಹೋಗಿ ಕೊಟ್ರೆ ರೆಕಾರ್ಡ್ ಕೀಪರ್ ಅಮ್ಮ ಮಧ್ಯಾಹ್ನದ ಒಳಗೆ ಪುಟ ತೆಗೆದು ಇಟ್ಟಿದ್ರು. ಅಂಕಿ 8.

ಆ ಒಂದು ಪುಟದಲ್ಲಿ ಎಷ್ಟೊಂದಿರತ್ತೆ ಗೊತ್ತಾ. ದಾವಾ ಹಾಕಿದ ತಾರೀಖು, ವಾದಿ, ಪ್ರತಿವಾದಿ "ಮತ್ತು ಇತರರು", ದಾವಾದ ಬೆಲೆ, ತೀರ್ಪಿನ ತಾರೀಖು, ಯಾರ ಪರ, ಕೊನೇಲಿ ಅಪೀಲು, ಅಮಲ್ಜಾರಿ (ಡಿಕ್ರಿ ಜಾರಿ) ಕಾಲಂ. ಅಪೀಲ್ ಕಾಲಮ್ಮಲ್ಲಿ ಕೆಂಪು ಶಾಯೀಲಿ ಆರ್.ಎ. (ರೆಗ್ಯುಲರ್ ಅಪೀಲ್) ನಂಬರು ಬರೆದಿತ್ತು, ಅದರ ಮುಂದೆ ವಜಾ ಅಂತ. ಅದನ್ನ ನೋಡಿದ ತಕ್ಷಣ ಡಿಕ್ರಿ ಸಿಕ್ಕಂಗೇ ಅಂತ ಮೇಷ್ಟ್ರಿಗೆ ಹೇಳಿಬಿಟ್ಟೆ.

ಮೂಲ ಫೈಲು ಸಿಗಲಿಲ್ಲ ಅನ್ನೋದನ್ನೂ ಹೇಳ್ಬೇಕು. ಕಟ್ಟು ಬಿಚ್ಚಿ ನೋಡಿದ್ರೆ ಆ ಜಾಗದಲ್ಲಿ ಅಪೀಲಿಗೆ ಕಳಿಸಿದ ಚೀಟಿ ಇತ್ತು, ವಾಪಸ್ ಬಂದ ಗುರುತಿಲ್ಲ. ಇದು ಬಹಳ ಕಡೆ ಆಗತ್ತೆ. ಆಗ ಸುಮ್ನೆ ಎದ್ದು ಬರಬಾರದು, ಫೈಲ್ ಲಭ್ಯವಿಲ್ಲ ಅಂತ ಹಿಂಬರಹ (ಕಚೇರಿ ಬರೆದುಕೊಡೋ ಉತ್ತರ) ತಗೊಳ್ಳಿ, ಸೀಲು ಸಹಿ ತಾರೀಖು ಸಮೇತ. ಮೂಲ ಕಳೆದುಹೋಗಿದೆ ಅಂತ ತೋರಿಸಿ ಬೇರೆ ಪ್ರತಿ ಹಾಜರು ಮಾಡೋಕೆ ಅದೇ ಆಧಾರ. ಮೊದಲು ಎವಿಡೆನ್ಸ್ ಆಕ್ಟ್ ಸೆಕ್ಷನ್ 65, ಈಗ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 60. ದೃಢೀಕೃತ ನಕಲಿನ ಹಳೇ 76 ಈಗ 75. ಅರ್ಜೀಲಿ ಹಳೇ ಸೆಕ್ಷನ್ ಬರೆದ್ರೆ ಕೆಲವು ಕಡೆ ಅದಕ್ಕೇ ಆಬ್ಜೆಕ್ಷನ್ ಹಾಕ್ತಿದಾರೆ, ನೋಡ್ಕೊಳ್ಳಿ.

ಅಪೀಲ್ ಫೈಲು ಯಾಕೆ ಚಿನ್ನ ಅಂದ್ರೆ, ಆರ್ಡರ್ 41 ರೂಲ್ 1ರ ಪ್ರಕಾರ ಅಪೀಲ್ ಮೆಮೊ ಜೊತೆ ಕೆಳಗಿನ ಕೋರ್ಟಿನ ನಕಲು ಲಗತ್ತಿಸದೆ ಅಪೀಲೇ ನಿಲ್ಲಲ್ಲ. ಕೆಳಗಿನ ಫೈಲ್ ಪೂರ್ತಿ ಮಣ್ಣಾಗಿದ್ರೂ ಅದರ ಸೀಲಿರೋ ನಕಲು ಅಪೀಲ್ ಫೈಲಲ್ಲಿ ಕೂತಿರತ್ತೆ. ಮೇಲಾಗಿ ಅಪೀಲ್ ತೀರ್ಪಿನ ಮೊದಲ ಪುಟಗಳಲ್ಲೇ ಕೆಳಗಿನ ಕೋರ್ಟಲ್ಲಿ ಏನಾಯ್ತು, ಯಾರಿಗೆ ಎಷ್ಟು ಭಾಗ ಅನ್ನೋದೆಲ್ಲ ಬರೆದಿರ್ತಾರೆ.

ಆದ್ರೆ ಯಾವ ಜಿಲ್ಲೆಗೆ ಹೋಗ್ಬೇಕು? 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದ್ವು, ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದ್ವು. ಹರಪನಹಳ್ಳಿಯಂತೂ ಬಳ್ಳಾರಿ, ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ ಅಂತ ಸುತ್ತಿದೆ. ನಮ್ಮದೂ ಹಿಂಗೇ ಜಿಲ್ಲೆ ಬದಲಾದ ತಾಲೂಕೇ. 70ರ ದಶಕದ ಅಪೀಲು ನಡೆದಿದ್ದು ಹಳೇ ಜಿಲ್ಲಾ ಕೇಂದ್ರದಲ್ಲಿ, ಫೈಲೂ ಅಲ್ಲೇ. ಮೇಷ್ಟ್ರ ಮೊದಲಿನ ವಕೀಲರು ಹೊಸ ಜಿಲ್ಲಾ ಕೇಂದ್ರದಲ್ಲಿ ತಿಂಗಳುಗಟ್ಟಲೆ ಹುಡುಕಿಸಿದ್ರಂತೆ. ಹಳೇ ಕೇಸಿನ ಕೆಲಸ ಹಿಡಿಯೋರು ಆ ವರ್ಷ ಆ ತಾಲೂಕು ಯಾವ ಜಿಲ್ಲೇಲಿತ್ತು ಅಂತ ಮೊದಲು ಒಂದು ಚೀಟೀಲಿ ಬರೆದು ಜೇಬಲ್ಲಿಟ್ಕೊಳ್ಳಿ.

ಅಲ್ಲಿ ಮೇಷ್ಟ್ರು ಮೂಲ ಪಾರ್ಟಿ ಅಲ್ಲ, ಹಂಗಾಗಿ ವಂಶವೃಕ್ಷ, ಅಜ್ಜ ಅಪ್ಪ ಇಬ್ಬರದ್ದೂ ಮರಣ ಪತ್ರ, ಯಾಕೆ ಬೇಕು ಅಂತ ಅಫಿಡವಿಟ್ಟು, ಈಗಿನ ದಾವಾದ ಸಮನ್ಸ್ ಜೆರಾಕ್ಸು, ಎಲ್ಲಾ ಒಟ್ಟಿಗೆ ಕೊಟ್ವಿ. ರಿಜಿಸ್ಟರ್ ನಕಲು ಜೊತೇಲಿದ್ದಿದ್ದಕ್ಕೆ ಯಾರೂ ಪ್ರಶ್ನೆ ಮಾಡಲಿಲ್ಲ. ನಾನು ನೋಡಿದ ರೆಕಾರ್ಡ್ ರೂಮುಗಳಲ್ಲೆಲ್ಲ ಕಟ್ಟು ಇರೋದು ಫೈಸಲಾದ ತಿಂಗಳ ಮೇಲೆ, ದಾವಾ ಹಾಕಿದ ವರ್ಷದ ಮೇಲಲ್ಲ, ಹಂಗಾಗಿ ಫೈಸಲ್ ತಾರೀಖನ್ನ ಅರ್ಜಿ ತಲೆಮೇಲೇ ದಪ್ಪಕ್ಷರದಲ್ಲಿ ಬರೀರಿ. ಇದರ ಜೊತೆ ನಾನು ಅರ್ಜೀಲಿ ಇನ್ನೂ ಒಂದು ವಿವರ ಸೇರಿಸ್ತೀನಿ, ಅದು ಸೇರಿಸಿದ್ರೆ ಹುಡುಕೋರು ಕಟ್ಟಿನ ಹತ್ರ ನೇರವಾಗಿ ಹೋಗ್ತಾರೆ. ಅದನ್ನ ಇಲ್ಲಿ ಬರೆಯಲ್ಲ, ಹೊಟ್ಟೆಪಾಡಿನ ವಿಷಯ. ಗೊತ್ತಿರೋರು ಎದುರಿಗೆ ಸಿಕ್ಕಾಗ ಕೇಳಿ.

ಸಿಕ್ತು. ಅಪೀಲ್ ತೀರ್ಪು, ಅಪೀಲ್ ಡಿಕ್ರಿ, ಒಳಗೆ ಕೆಳಗಿನ ಮುನ್ಸಿಫ್ ಕೋರ್ಟಿನ ತೀರ್ಪು ಡಿಕ್ರಿಯ ಸೀಲಿರೋ ನಕಲು, ಷೆಡ್ಯೂಲ್ ಸಮೇತ, ಎಲ್ಲಾ ಸೇರಿ 40 ಪುಟದ ಆಸುಪಾಸು. ಷೆಡ್ಯೂಲಲ್ಲಿ ಮೇಷ್ಟ್ರ ಅಜ್ಜನ ಭಾಗಕ್ಕೆ ತೋಟದ ಚಕ್ಕುಬಂದಿ, ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬಂಡಿದಾರಿ. ಆ ಬಂಡಿದಾರಿ ಇವತ್ತಿಗೂ ಇದೆ. ಮೇಷ್ಟ್ರು ಅಲ್ಲೇ ಮೆಟ್ಟಿಲ ಮೇಲೆ ಕೂತು ಓದಿದ್ರು, ಬಸ್ ಹೋದ್ರೂ ಏಳಲಿಲ್ಲ.

ಎದುರು ವಕೀಲರು ನಕಲಿನ ನಕಲು ಅಂತ ತಗಾದೆ ತೆಗೆದ್ರು. ಹಿಂಬರಹ, ರಿಜಿಸ್ಟರ್ ನಕಲು, ಎಂ.ಆರ್., ಹಿಸ್ಸಾ ಕಡತ, ಅಪೀಲ್ ತೀರ್ಪು ಐದೂ ಒಂದೇ ಕಥೆ ಹೇಳ್ತಿದ್ವು. ಸ್ಟೇ ತೆರವಾಯ್ತು, ಅವರ ಐ.ಎ. (ಸ್ಟೇ ಕೇಳಿದ್ದ ಮಧ್ಯಂತರ ಅರ್ಜಿ) ವಜಾ.

ಖರ್ಚು ನೆನಪಿದ್ದಷ್ಟು ಹೇಳ್ತೀನಿ. ಎರಡೂ ಕೋರ್ಟಿನ ಸ್ಟಾಂಪು, ನಕಲು ಶುಲ್ಕ ಸೇರಿ ಸಾವಿರ ರೂಪಾಯಿ ಒಳಗೆ. ಆರ್‌ಟಿಐ ನೂರಿನ್ನೂರು. ನೋಟರಿ, ಜೆರಾಕ್ಸು ಒಂದು 800. ಬಸ್ಸು, ಊಟ, ಕಾಫಿ ಮೂರೂವರೆ ನಾಲ್ಕು ಸಾವಿರ, ದೊಡ್ಡ ಖರ್ಚು ಇದೇ. ನನ್ನ ಫೀಸು 12 ಸಾವಿರ. ಬ್ರೋಕರ್ ಕೇಳಿದ್ದ 30 ಸಾವಿರದ ಪಕ್ಕದಲ್ಲಿಟ್ಟು ನೋಡಿ. ಒಂದು ಕಡೆ "ಖುಷಿಯಾಗಿ ಏನಾದ್ರೂ" ಅಂತ ಕೇಳಿದ್ರು, ರಸೀದಿ ಕೊಡಿ ಅಂದೆ, ಮತ್ತೆ ಕೇಳಲಿಲ್ಲ, ಆದ್ರೆ ನಕಲು ಒಂದು ವಾರ ತಡ ಆಯ್ತು.

ಈ ಕೇಸಿಗೆ ಬೇಕಾಗದೆ ಇದ್ರೂ ಪಕ್ಕದಲ್ಲಿ ನೋಡಿಟ್ಟಿದ್ದು ಕೆಲವು ಇವೆ. ಕೋರ್ಟ್ ಹರಾಜಲ್ಲಿ ಹೋದ ಜಮೀನಾದ್ರೆ ಸೇಲ್ ಸರ್ಟಿಫಿಕೇಟಿನ ನಕಲು ರಿಜಿಸ್ಟ್ರೇಷನ್ ಆಕ್ಟ್ ಸೆಕ್ಷನ್ 89ರ ಪ್ರಕಾರ ಸಬ್ ರಿಜಿಸ್ಟ್ರಾರ್ ಆಫೀಸಿನ 1ನೇ ಪುಸ್ತಕಕ್ಕೆ ಬಂದಿರತ್ತೆ, ಅಲ್ಲಿ ಹುಡುಕಿ. ಗೇಣಿ ಜಮೀನಾದ್ರೆ ಭೂ ಸುಧಾರಣೆ ಕಾಯ್ದೆಯ 1974ರ ತಿದ್ದುಪಡಿ ಆದ್ಮೇಲೆ ಗೇಣಿದಾರರು ಜಮೀನು ತಮಗೆ ಬರಲಿ ಅಂತ ಹಾಕಿದ 7ನೇ ನಮೂನೆ ಅರ್ಜಿಯ ಫೈಲು ನೋಡಿ, ಮಾಲೀಕರು ಗೇಣಿದಾರರು ಇಬ್ಬರೂ ಹಳೇ ಕೋರ್ಟ್ ಕಾಗದನೆಲ್ಲ ಭೂನ್ಯಾಯ ಮಂಡಳಿಗೆ ತಂದು ಸುರಿದಿರ್ತಾರೆ. ತೀರಿಕೊಂಡ ವಕೀಲರ ಮನೆ ಅಟ್ಟಾನೂ ಬಿಡಬೇಡಿ. ಅವರ ಕೇಸ್ ಡೈರೀಲಿ ತಾರೀಖಿನ ಪ್ರಕಾರ ನಂಬರುಗಳು ಸಾಲಾಗಿ ಇರ್ತವೆ, ಒಂದು ವರ್ಷದ ಡೈರಿ ಸಿಕ್ಕಿದ್ರೂ ಊರಿನ ಅರ್ಧ ಕೇಸಿನ ನಂಬರು ಸಿಕ್ಕಂಗೆ. ನಾನು ಹಂಗೆ ಮೂರ್ನಾಲ್ಕು ಮನೆಗಳ ಡೈರಿ ಫೋಟೋ ಹೊಡೆದು ಊರುವಾರು ಪಟ್ಟಿ ಮಾಡ್ತಿದೀನಿ, ಮನೆಯವರು ಒಪ್ಪಿದ ಕಡೆ ಮಾತ್ರ.

ಮೇಷ್ಟ್ರ ಕೇಸು ಈಗ ಎವಿಡೆನ್ಸಿಗೆ ಬಂದಿದೆ. ನಾನು ಹಾವೇರಿ ಕಡೆಯ ಒಂದು ಕೆಲಸ ಹಿಡಿದಿದೀನಿ, ಏಕೀಕರಣಕ್ಕೆ ಮುಂಚಿನದು, ಮುಂಬೈ ಪ್ರಾಂತ್ಯದ ಕಾಲದ್ದು, ಕಾಗದದಲ್ಲಿ ಅರ್ಧ ಮೋಡಿ ಲಿಪಿ (ಮರಾಠಿ ಬರೆಯೋಕೆ ಬಳಸ್ತಿದ್ದ ಹಳೇ ಕೂಡುಬರಹ) ಇದೆ. ಮೋಡಿ ಓದೋರು ಧಾರವಾಡದ ಸುತ್ತ ಯಾರಾದ್ರೂ ಗೊತ್ತಿದ್ರೆ ತಿಳಿಸಿ, ಪುಟಕ್ಕೆ ಇಷ್ಟು ಅಂತ ಮುಂಚೆನೇ ಮಾತಾಡ್ಕೊಂಡು ಕೊಡ್ತೀನಿ.